ಪಿಎಸ್‌ಪಿ ಫರ್ಮ್‌ವೇರ್ ಡೌನ್‌ಗ್ರೇಡ್: ಹಿಂದಕ್ಕೆ ಹೋಗೋದು ಯಾಕೆ ಇಷ್ಟು ಕಷ್ಟ?

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. ಕನ್ನಡದಲ್ಲಿ ಟೆಕ್ನಿಕಲ್ ವಿಷಯ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕಳೆದ ರಜೆಯಲ್ಲಿ ಕೊಟ್ಟೂರಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಟ್ಟದ ಮೇಲಿನ ಡಬ್ಬಿಯಲ್ಲಿ ಅಣ್ಣನ ಹಳೇ ಪಿಎಸ್‌ಪಿ ಸಿಕ್ತು. ಹೊಸ ಬ್ಯಾಟರಿ ತರಿಸಿ ಹಾಕಿದೆ, ಆನ್ ಆಯ್ತು. ಫರ್ಮ್‌ವೇರ್ 1.50 ಅಂತ ತೋರಿಸ್ತು. ಅಪ್‌ಡೇಟ್ ಅಂದ್ರೆ ಒಳ್ಳೇದೇ ಅಲ್ವಾ ಅಂತ ಯಾರನ್ನೂ ಕೇಳದೆ ಕೊನೆಯ ಆವೃತ್ತಿ 6.61ಕ್ಕೆ ಏರಿಸಿಬಿಟ್ಟೆ.

ಸಂಜೆ ಅಣ್ಣ ಅಂಗಡಿಯಿಂದ ಬಂದು ನೋಡಿ ಖುಷಿಯಾದ. "ಚೌಕಾಬಾರ ಓಪನ್ ಮಾಡು ತಮ್ಮಾ" ಅಂದ. ಓಪನ್ ಆಗಲಿಲ್ಲ. ಅದು ಅವನು ಡಿಪ್ಲೊಮಾ ಓದುವಾಗ ಸಿ ಭಾಷೆಯಲ್ಲಿ ತಾನೇ ಬರೆದ ಆಟ. ಸೋರ್ಸ್ ಕೋಡ್ ಇದ್ದ ಕಂಪ್ಯೂಟರ್ ಯಾವಾಗಲೋ ಗುಜರಿಗೆ ಹೋಗಿದೆ. ಅಣ್ಣ ಬೈಲಿಲ್ಲ. "ಒಂದ್ ಮಾತು ಕೇಳಬೇಕಿತ್ತು ನೋಡು" ಅಂದ, ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಅವತ್ತು ರಾತ್ರಿಯಿಂದ ನಾನು ಓದಿದ್ದು ಒಂದೇ ವಿಷಯ, ಡೌನ್‌ಗ್ರೇಡ್.

ನಮ್ಮೂರಿನ ಉದಾಹರಣೆ

ಹರಪನಹಳ್ಳಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯ್ತು. 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿ ಹಿಂದಕ್ಕೆ ಹೋಗೋಕೆ ಒಂದು ದಾರಿ ಇತ್ತು: ಜನ ಕೇಳಬಹುದು, ಸರ್ಕಾರ ಆದೇಶ ಮಾಡಬಹುದು. ಗೇಮ್ ಯಂತ್ರದಲ್ಲಿ ಆದೇಶ ಮಾಡೋ ಅಧಿಕಾರ ತಯಾರಿಸಿದ ಕಂಪನಿ ಹತ್ರ ಮಾತ್ರ ಇರುತ್ತೆ. ದುಡ್ಡು ಕೊಟ್ಟು ಕೊಂಡವನ ಹತ್ರ ಇರಲ್ಲ.

ಬೀಗ ಎಲ್ಲಿದೆ?

ಫರ್ಮ್‌ವೇರ್ ಅಂದ್ರೆ ಯಂತ್ರದ ಫ್ಲ್ಯಾಶ್ ಮೆಮೊರಿಯಲ್ಲಿ ಕೂತಿರೋ ಮೂಲ ಸಾಫ್ಟ್‌ವೇರ್. ಮೊದಲ ಮಾಡೆಲ್ ಪಿಎಸ್‌ಪಿಯಲ್ಲಿ ಈ ಮೆಮೊರಿ ಬರೀ 32 ಎಂಬಿ. ಪಿಎಸ್‌ಪಿ ಜಪಾನಿನಲ್ಲಿ ಡಿಸೆಂಬರ್ 2004ರಲ್ಲಿ 1.00 ಜೊತೆ ಬಂತು, ಅಮೆರಿಕದಲ್ಲಿ ಮಾರ್ಚ್ 2005ರಲ್ಲಿ 1.50 ಜೊತೆ. 1.00ರಲ್ಲಿ ಸೋನಿಯ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಂ ಕೂಡ ಓಡ್ತಿತ್ತು. 1.50ರಲ್ಲಿ ತಡೆ ಬಂತು. ಆದ್ರೆ ಒಂದೇ ಹೆಸರಿನ ಎರಡು ಫೋಲ್ಡರ್ ಮಾಡಿ, ಒಂದರ ಹೆಸರಿನ ಕೊನೆಗೆ ಪರ್ಸೆಂಟ್ ಚಿಹ್ನೆ ಹಾಕಿದ್ರೆ ಆ ತಡೆ ಮೋಸ ಹೋಗ್ತಿತ್ತು. ಅಣ್ಣನ ಚೌಕಾಬಾರ ಹೀಗೇ ಓಡ್ತಿದ್ದದ್ದು.

2005ರಲ್ಲೇ ಬಂದ 2.00 ಈ ದಾರಿ ಮುಚ್ಚಿತು. ಹಳೇ ಅಪ್‌ಡೇಟರ್ ಹಾಕೋಣ ಅಂದ್ರೆ, ಅದು ಮೊದಲು ಯಂತ್ರದ ಆವೃತ್ತಿ ಸಂಖ್ಯೆ ಓದುತ್ತೆ. ಯಂತ್ರದ್ದು ತನಗಿಂತ ದೊಡ್ಡದಿದ್ರೆ ಮುಂದುವರಿಯಲ್ಲ.

ಒಂದು ಚಿತ್ರ, ಒಂದು ಸುಳ್ಳು

ಅಣ್ಣ ಕೊಂಡಿದ್ದು 2.00 ಇದ್ದ ಸೆಕೆಂಡ್ ಹ್ಯಾಂಡ್ ಪಿಎಸ್‌ಪಿ. ಅವನು ಡೌನ್‌ಗ್ರೇಡ್ ಮಾಡಿದ್ದು ಒಂದು ಟಿಫ್ ಚಿತ್ರದಿಂದ. 2.00 ಚಿತ್ರ ತೋರಿಸೋಕೆ ಬಳಸ್ತಿದ್ದ ಲಿಬ್‌ಟಿಫ್ ಲೈಬ್ರರಿಯಲ್ಲಿ ಬಫರ್ ಓವರ್‌ಫ್ಲೋ ದೋಷ ಇತ್ತು. ಮೊದಲ ವರ್ಷದ ಸಿ ಲ್ಯಾಬ್ ನೆನಪಿಸಿಕೊಳ್ಳಿ: 10 ಜಾಗದ ಅರೇಗೆ 15 ಸಂಖ್ಯೆ ಬರೆದ್ರೆ ಕಂಪೈಲರ್ ಸುಮ್ಮನಿರುತ್ತೆ, ಉಳಿದ 5 ಪಕ್ಕದ ಮೆಮೊರಿ ಮೇಲೆ ಬೀಳುತ್ತೆ. ಪಕ್ಕದಲ್ಲಿ ಏನು ಬೀಳಬೇಕು ಅಂತ ಲೆಕ್ಕ ಹಾಕಿ ಚಿತ್ರ ತಯಾರಿಸಿದ್ರೆ, ಚಿತ್ರ ನೋಡೋ ಪ್ರೋಗ್ರಾಂ ನಮ್ಮ ಕೋಡ್ ಓಡಿಸುತ್ತೆ.

ಆ ಕೋಡ್ ಏನು ಮಾಡ್ತಿತ್ತು ಗೊತ್ತಾ? 1.50ನ್ನು ತಾನೇ ಹಾಕ್ತಿರಲಿಲ್ಲ. ಫ್ಲ್ಯಾಶ್‌ನಲ್ಲಿ ಆವೃತ್ತಿ ಸಂಖ್ಯೆ ಇರೋ ಫೈಲನ್ನು ಮಾತ್ರ ಬದಲಿಸಿ, ಯಂತ್ರ 1.00 ಅಂತ ಹೇಳೋ ಹಾಗೆ ಮಾಡ್ತಿತ್ತು. ಆಮೇಲೆ ಸೋನಿಯ ಅಸಲಿ 1.50 ಅಪ್‌ಡೇಟರ್ ಓಡಿಸಿದ್ರೆ, ಅದು 1.00ನ್ನು 1.50ಕ್ಕೆ ಏರಿಸ್ತಿದ್ದೀನಿ ಅಂತ ನಂಬಿ ಕೆಲಸ ಮುಗಿಸ್ತಿತ್ತು. ಅಂದ್ರೆ ಅಪ್‌ಡೇಟರ್ ಲೆಕ್ಕದಲ್ಲಿ ಈ ಡೌನ್‌ಗ್ರೇಡ್ ಒಂದು ಅಪ್‌ಗ್ರೇಡ್!

ಅಕ್ಟೋಬರ್ 2005ರಲ್ಲಿ 2.01 ಈ ತೂತು ಮುಚ್ಚಿತು. ಅದೇ ತಿಂಗಳು ಡೌನ್‌ಗ್ರೇಡರ್ ಹೆಸರಿನಲ್ಲಿ ಒಂದು ಟ್ರೋಜನ್ ಕೂಡ ಹರಡಿತು. ಅದು ಫ್ಲ್ಯಾಶ್‌ನ ಮುಖ್ಯ ಫೈಲುಗಳನ್ನೇ ಅಳಿಸ್ತಿತ್ತು. ಯಂತ್ರ ಮತ್ತೆ ಬೂಟ್ ಆಗ್ತಿರಲಿಲ್ಲ, ಇಟ್ಟಿಗೆ ಆಗ್ತಿತ್ತು.

ಬ್ಯಾಟರಿಯ ಬಾಗಿಲು

2007ರಲ್ಲಿ ಪ್ಯಾಂಡೋರಾ ಬ್ಯಾಟರಿ ಬಂತು. ಪಿಎಸ್‌ಪಿ ಬ್ಯಾಟರಿಯೊಳಗೆ ಸೀರಿಯಲ್ ನಂಬರ್ ಇಟ್ಟಿರೋ ಸಣ್ಣ ಚಿಪ್ ಇದೆ. ಆ ನಂಬರಿನ ಎಲ್ಲ ಬಿಟ್‌ಗಳನ್ನೂ 1 ಮಾಡಿದ್ರೆ ಯಂತ್ರ ಅದನ್ನು ಸರ್ವಿಸ್ ಸೆಂಟರ್ ಬ್ಯಾಟರಿ ಅಂತ ತಿಳಿದು, ಫ್ಲ್ಯಾಶ್ ಬಿಟ್ಟು ಮೆಮೊರಿ ಸ್ಟಿಕ್‌ನಿಂದ ಬೂಟ್ ಆಗುತ್ತೆ. ಇಟ್ಟಿಗೆ ಆದವೂ ಎದ್ದವು, 1.50ಕ್ಕೂ ಇಳಿದವು. ನಂತರದ ಮದರ್‌ಬೋರ್ಡ್‌ಗಳಲ್ಲಿ ಸೋನಿ ಈ ಬಾಗಿಲನ್ನೂ ಮುಚ್ಚಿತು. ಅಣ್ಣನದು ಮೊದಲ ಮಾಡೆಲ್, ಹಾಗಾಗಿ ಬಾಗಿಲು ಇನ್ನೂ ಇದೆ.

ಅಣ್ಣನ ಡಬ್ಬಿಯಲ್ಲಿ ಅಂಥ ಬ್ಯಾಟರಿ ಕೂಡ ಇತ್ತು! ತೆಗೆದು ನೋಡಿದ್ರೆ ಹಪ್ಪಳದ ಹಾಗೆ ಊದಿಕೊಂಡಿತ್ತು. ಊದಿದ ಲಿಥಿಯಂ ಬ್ಯಾಟರಿ ಬೆಂಕಿ ಹತ್ತಬಹುದು, ಬಳಸಲೇಬಾರದು. ಹೊಸದನ್ನು ಬಿಚ್ಚಿ ಬೆಸುಗೆ ಹಾಕೋ ಧೈರ್ಯ ನನಗಿಲ್ಲ. ನೀವೂ ಮಾಡಬೇಡಿ.

ಗಾಲಿ ಹಿಂದಿನ ಕಲ್ಲು

ಏರಿನಲ್ಲಿ ಎತ್ತಿನ ಗಾಡಿ ನಿಲ್ಲಿಸಿದಾಗ ಗಾಲಿ ಹಿಂದೆ ಕಲ್ಲು ಇಡ್ತಾರಲ್ಲ, ಆವೃತ್ತಿ ಪರೀಕ್ಷೆ ಅಂದ್ರೆ ಅದೇ. ಪಿಎಸ್‌ಪಿ ಕಾಲದಲ್ಲಿ ಕಲ್ಲನ್ನು ಸರಿಸಬಹುದಿತ್ತು. ಈಗ ಹಾಗಿಲ್ಲ. 2017ರ ನಿಂಟೆಂಡೊ ಸ್ವಿಚ್‌ನಲ್ಲಿ ಎಷ್ಟೋ ಅಪ್‌ಡೇಟ್‌ಗಳ ಜೊತೆ ಚಿಪ್‌ನೊಳಗೆ ಒಂದು ಫ್ಯೂಸ್ ಸುಟ್ಟುಹೋಗುತ್ತೆ. ಸುಟ್ಟ ಫ್ಯೂಸುಗಳ ಸಂಖ್ಯೆ ಬೇಕಾದ್ದಕ್ಕಿಂತ ಜಾಸ್ತಿ ಇದ್ರೆ ಹಳೇ ಫರ್ಮ್‌ವೇರ್ ಬೂಟ್ ಆಗಲ್ಲ. ಸುಟ್ಟದ್ದು ಮತ್ತೆ ಕೂಡಲ್ಲ. ಇವತ್ತಿನ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲೂ ಇಂಥ ರೋಲ್‌ಬ್ಯಾಕ್ ತಡೆ ಇದೆ.

ಇದಕ್ಕೆ ನ್ಯಾಯವಾದ ಕಾರಣವೂ ಇದೆ. ಕದ್ದ ಫೋನಿಗೆ ತೂತಿರೋ ಹಳೇ ಸಾಫ್ಟ್‌ವೇರ್ ಹಾಕಿ ಬೀಗ ಒಡೆಯೋದನ್ನ ಅದು ತಪ್ಪಿಸುತ್ತೆ. ಆದ್ರೆ ಕಳ್ಳನನ್ನು ತಡೆಯೋ ಅದೇ ಕಲ್ಲು ತಾನು ಬರೆದ ಆಟ ಆಡಬೇಕು ಅನ್ನೋ ಮಾಲೀಕನನ್ನೂ ತಡೆಯುತ್ತೆ. ನಾಳೆ ನಾವೂ ಎಂಬೆಡೆಡ್ ಕೆಲಸಕ್ಕೆ ಸೇರ್ತೀವಿ, ಇಂಥ ಕಲ್ಲು ಇಡೋರು ನಾವೇ ಆಗಬಹುದು. ಆಗ ಇಬ್ಬರನ್ನೂ ನೆನಪಿಟ್ಟುಕೊಳ್ಳೋಣ.

ಅಪ್‌ಡೇಟ್ ಬಟನ್ ಒತ್ತೋ ಮುಂಚೆ

1. ಈಗಿನ ಆವೃತ್ತಿ ಮತ್ತು ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ.
2. ಮೆಮೊರಿ ಕಾರ್ಡ್ ಪೂರ್ತಿ ಕಾಪಿ ಮಾಡಿ.
3. ಹಿಂದಕ್ಕೆ ಬರೋ ದಾರಿ ಇದೆಯಾ ಅಂತ ಮೊದಲೇ ಓದಿ.
4. ಯಂತ್ರ ಬೇರೆಯವರದಾಗಿದ್ರೆ ಅವರನ್ನ ಒಂದು ಮಾತು ಕೇಳಿ.

ಕೊನೆಗೆ ಏನಾಯ್ತು? ಮೆಮೊರಿ ಸ್ಟಿಕ್‌ನಲ್ಲಿ ಚೌಕಾಬಾರದ ಫೈಲ್ ಹಾಗೇ ಇತ್ತು. ಅದನ್ನ ನನ್ನ ಫೋನಿನ ಪಿಪಿಎಸ್‌ಎಸ್‌ಪಿಪಿ ಎಮ್ಯುಲೇಟರ್‌ಗೆ ಹಾಕಿದೆ, ಓಡ್ತು. ಅಣ್ಣ ನಿಂತಲ್ಲೇ ಎರಡು ಆಟ ಆಡಿದ, ನನ್ನ ಎರಡು ಕಾಯಿ ಹೊಡೆದ. ಪಿಎಸ್‌ಪಿ ಮಾತ್ರ ಇನ್ನೂ 6.61ರಲ್ಲೇ ಇದೆ. ಫೈಲನ್ನು ಮೂರು ಕಡೆ ಕಾಪಿ ಮಾಡಿ ಇಟ್ಟಿದ್ದೀನಿ.