ನಲವತ್ತು ಪೈಸೆಯ ಮಿತವ್ಯಯ, ಒಂಬತ್ತು ರೂಪಾಯಿಯ ಸವಕಳಿ

ಗೃಹಸ್ಥನ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ವೆಚ್ಚವೊಂದು, ಕಾಣದೆ ನಡೆಯುವ ಸವಕಳಿಯೊಂದು. ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲಿನ ಅಂಕಿಗಳನ್ನು ಕುರಿತು ಹುಬ್ಬುಗಂಟಿಕ್ಕುವ ನಾವು, ದಿನದಿನವೂ ಸದ್ದಿಲ್ಲದೆ ಕ್ಷಯಿಸುವ ಉಪಕರಣದ ಆಯುಸ್ಸಿಗೆ ಬೆಲೆ ಕಟ್ಟುವುದು ಅಪರೂಪ. ನನ್ನ ಬರವಣಿಗೆಯೆಲ್ಲ ಲ್ಯಾಪ್‌ಟಾಪಿನಲ್ಲೇ ನಡೆಯುತ್ತಿರುವುದಷ್ಟೆ. ಅದರ ಚಾರ್ಜರಿನ ಸ್ವಿಚ್ಚನ್ನು ಆರಿಸುವುದು ನಮ್ಮ ಅಕ್ಕನ ನಿತ್ಯನೇಮ. "ಬ್ಯಾಟರಿ ತುಂಬಿದೆಯಲ್ಲೋ, ಇನ್ನೂ ಯಾಕೆ ಕರೆಂಟು ಸುಡ್ತೀಯ?" ಎಂಬ ಆಕೆಯ ಆಕ್ಷೇಪಣೆ ನ್ಯಾಯವೋ ಅಲ್ಲವೋ ಎಂದು ತಿಳಿಯಲು, ಒಂದು ಸಂಜೆ ಕಾಗದ ಹಿಡಿದು ಕುಳಿತೆ.

ಸಾಧಾರಣ ಲ್ಯಾಪ್‌ಟಾಪಿನ ಬ್ಯಾಟರಿ ಹಿಡಿಯುವುದು ಸುಮಾರು 50 ವಾಟ್-ಅವರ್. ಚಾರ್ಜರಿನಲ್ಲಿ ಶಾಖರೂಪವಾಗಿ ನಷ್ಟವಾಗುವುದನ್ನು ಸೇರಿಸಿ 60 ಎಂದು ಭಾವಿಸಿ, ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ, ಒಮ್ಮೆ ಪೂರ್ಣವಾಗಿ ತುಂಬಿಸಲು ತಗಲುವ ವಿದ್ಯುತ್ತಿನ ಬೆಲೆ 42 ಪೈಸೆ ಮಾತ್ರ. ಆದರೆ ಹೊಸ ಬ್ಯಾಟರಿಗೆ 4,500 ರೂಪಾಯಿ ಕೊಟ್ಟು, ಅದು 500 ಬಾರಿ ಪೂರ್ತಿ ತುಂಬಿ ಬರಿದಾಗುವಷ್ಟು ಕಾಲ ಚೆನ್ನಾಗಿ ದುಡಿಯುವುದೆಂದು ಎಣಿಸಿದರೆ, ಪ್ರತಿಯೊಂದು ಆವರ್ತಕ್ಕೂ ನಾವು ತೆರುವ ಬೆಲೆ 9 ರೂಪಾಯಿ. ಮೇಜಿನ ಬಳಿಯಲ್ಲೇ ಪ್ಲಗ್ಗಿರುವಾಗ ಬ್ಯಾಟರಿಯನ್ನು ಬರಿದುಮಾಡಿ ಕೆಲಸ ಮಾಡುವವನು, ಹುಲ್ಲಿನ ಖರ್ಚನ್ನು ಬರೆದಿಟ್ಟು ಎತ್ತಿನ ಕ್ರಯವನ್ನು ಮರೆತ ರೈತನಿಗೆ ಸಮಾನನು.

ಹಾಗೆಂದು ಅಕ್ಕನ ಮಾತು ಸಂಪೂರ್ಣ ಅಸತ್ಯವೂ ಅಲ್ಲ. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಕೋಶವೇ ಇಂದಿನ ಲ್ಯಾಪ್‌ಟಾಪುಗಳಿಗೆಲ್ಲ ಆಧಾರ. ಅದರ ಸ್ವಭಾವವು ಹಿಂದಿನ ನಿಕಲ್-ಕ್ಯಾಡ್ಮಿಯಂ ಕೋಶದ್ದಲ್ಲವಾದುದರಿಂದ, ಪೂರ್ತಿ ಬರಿದಾದ ಮೇಲೆಯೇ ಚಾರ್ಜಿಗೆ ಹಾಕಬೇಕೆಂಬ ಹಳೆಯ ಉಪದೇಶ ಇದಕ್ಕೆ ಸಲ್ಲದು. ಇದಕ್ಕೆ ಶತ್ರುಗಳು ಮುಖ್ಯವಾಗಿ ಎರಡು: ಶಾಖ, ಮತ್ತು ನೂರಕ್ಕೆ ನೂರು ತುಂಬಿದ ಸ್ಥಿತಿಯಲ್ಲೇ ಬಹುಕಾಲ ಉಳಿಯುವುದು. ತುಂಬಿದ ಕೋಶದ ವೋಲ್ಟೇಜು 4.2ರ ಆಸುಪಾಸಿಗೆ ಏರಿರುವಾಗ ಒಳಗಿನ ಅನಪೇಕ್ಷಿತ ರಾಸಾಯನಿಕ ಕ್ರಿಯೆಗಳು ತ್ವರೆಗೊಳ್ಳುತ್ತವೆ. ಶಾಖವು ಅದಕ್ಕೆ ಸಹಾಯಕವಾದರೆ ಕ್ಷಯವು ದ್ವಿಗುಣಿಸುವುದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದ ಪ್ಲಗ್ಗನ್ನು ಕೀಳುವುದಕ್ಕಿಂತ, ಚಾರ್ಜಿನ ಮಿತಿಯನ್ನು 80ಕ್ಕೆ ನಿಲ್ಲಿಸುವುದೇ ಲೇಸು. ಲೆನೊವೊ, ಡೆಲ್, ಏಸಸ್ ಮೊದಲಾದವರ ಅನೇಕ ಯಂತ್ರಗಳಲ್ಲಿ ಈ ಅನುಕೂಲವು ಸೆಟಿಂಗ್ಸಿನಲ್ಲೇ ಇರುತ್ತದೆ. ನಾನು ಹೀಗೆ ಮಾಡಿದ ಮೇಲೆ ಸ್ವಿಚ್ಚಿನ ವ್ಯಾಜ್ಯವೂ ಮುಗಿಯಿತು.

ಉಳಿದ ನಿಯಮಗಳು ಸರಳ. ಗಾಳಿ ಹೊರಬರುವ ಕಿಂಡಿಗಳು ಮುಚ್ಚಿಹೋಗುವಂತೆ ಹಾಸಿಗೆಯ ಮೇಲಾಗಲಿ ದಿಂಬಿನ ಮೇಲಾಗಲಿ ಯಂತ್ರವನ್ನಿಡಬಾರದು. ಬೇಸಗೆಯ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ತಿಂಗಳುಗಟ್ಟಲೆ ಬಳಸದಿರುವುದಾದರೆ ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಜಾಗದಲ್ಲಿರಿಸತಕ್ಕದ್ದು. ವಿಂಡೋಸಿನ ಬ್ಯಾಟರಿ ವರದಿಯನ್ನು ತೆಗೆದು, ತಯಾರಾದಾಗಿನ ಧಾರಣಶಕ್ತಿಯನ್ನೂ ಈಗಿನದನ್ನೂ ಹೋಲಿಸಿ ನೋಡಿದರೆ ಎಷ್ಟು ಸವೆದಿದೆಯೆಂಬುದು ತಾನಾಗಿ ತಿಳಿಯುತ್ತದೆ. ಆ ಅಂಕಿಯನ್ನು ನೋಡಿ ಬದಲಾವಣೆಯ ಹಣವನ್ನು ಮೊದಲೇ ಎತ್ತಿಡುವುದು ನನ್ನ ಪದ್ಧತಿ.

ಹಣವನ್ನು ಎತ್ತಿಡಬೇಕೇ ಹೊರತು ಬ್ಯಾಟರಿಯನ್ನಲ್ಲ. ಈಗ ಅಗ್ಗವಾಗಿದೆಯೆಂದು ಇನ್ನೊಂದನ್ನು ಕೊಂಡು ಬೀರುವಿನಲ್ಲಿಟ್ಟರೆ, ಬಳಸದಿದ್ದರೂ ಅದು ಮುಪ್ಪಾಗುತ್ತಲೇ ಇರುತ್ತದೆ. ಕೊಳ್ಳುವಾಗ ತಯಾರಿಕೆಯ ತಿಂಗಳನ್ನು ನೋಡಿ, ರಸೀದಿ ಪಡೆಯಿರಿ. ಯಂತ್ರಕ್ಕೆ ಮೂರು ವರ್ಷದ ವಾರಂಟಿ ಇದ್ದರೂ ಬ್ಯಾಟರಿಗೆ ಒಂದೇ ವರ್ಷವಿರುವುದು ಸಾಮಾನ್ಯವೆಂಬುದನ್ನು ಮರೆಯಬೇಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಮಾತ್ರ ಮಿತವ್ಯಯದ ಮಾತೇ ಬೇಡ: ಆ ಕ್ಷಣವೇ ಬಳಕೆ ನಿಲ್ಲಿಸಿ, ಬಲ್ಲವರಿಂದ ತೆಗೆಸಿ, ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಿರಿ. ಬೆಂಕಿಯಿಂದಾಗುವ ನಷ್ಟದ ಮುಂದೆ ಹೊಸ ಬ್ಯಾಟರಿಯ ಬೆಲೆ ಲೆಕ್ಕಕ್ಕೆ ಬಾರದು.