ಗಣಕಜಾಲ ಯೋಜನೆ: ಸುಗ್ಗಿಗೆ ಮುನ್ನ ಮಾಡಬೇಕಾದ ಸಿದ್ಧತೆ

ಹಿಂದೆ ಸಿರವಾರದ ವರ್ತಕರಿಗೆ ದೂರವಾಣಿ ಕೆಟ್ಟರೆ ಅರ್ಧ ದಿನದ ಅನಾನುಕೂಲವಷ್ಟೇ ಆಗುತ್ತಿತ್ತು. ಇಂದಿನ ಸ್ಥಿತಿ ಬೇರೆ. ಮಾರುಕಟ್ಟೆಯ ಇ-ಟೆಂಡರಿನಲ್ಲಿ ನಿಗದಿತ ವೇಳೆಯೊಳಗೆ ದರ ನಮೂದಿಸದವರಿಗೆ ಆ ದಿನ ಮಾಲು ದೊರೆಯದು. ರಾಜ್ಯದೊಳಗಿನ ಸರಕು ಸಾಗಣೆಗೂ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಗೆ ಬಂದಿದೆ. ಜಾಲ ಸ್ಥಗಿತಗೊಂಡು ಬದಲಿ ದಾರಿಯೂ ಇಲ್ಲದಿದ್ದರೆ ಮಾಲು ತುಂಬಿದ ಲಾರಿ ಗಿರಣಿಯ ಅಂಗಳದಲ್ಲೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಗಣಕಜಾಲದ ಅಳವಡಿಕೆಯನ್ನು ತಂತಿ ಎಳೆಯುವ ಕೆಲಸವೆಂದು ಭಾವಿಸದೆ, ಕಟ್ಟಡ ನಿರ್ಮಾಣದಂತೆ ಯೋಜಿಸಿ ನಡೆಸುವುದು ಅವಶ್ಯಕ.

ಎರಡು ಸಾರ್ವಜನಿಕ ಯೋಜನೆಗಳ ಪಾಠ

ನಮ್ಮ ರಾಜ್ಯದ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕೀಕರಣಗೊಂಡವು. ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಯ ವ್ಯವಸ್ಥೆಯೂ ತನ್ನಷ್ಟಕ್ಕೆ ಸ್ವತಂತ್ರವಾಗಿ ನಿಲ್ಲುವಂತಿತ್ತು. ಅವುಗಳನ್ನು ಜೋಡಿಸುವ ಕಾರ್ಯ ನಂತರ ನಡೆಯಿತು. ದಾಖಲೆಗಳ ಪರಿಶೀಲನೆ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಯನ್ನು ನಿಲ್ಲಿಸಲಾಯಿತು. ಹೀಗೆ ಹಂತಹಂತವಾಗಿ ಸಾಗಿದ್ದು, ಹಳೆಯ ಪದ್ಧತಿಗೆ ಸ್ಪಷ್ಟ ಕೊನೆ ಹಾಕಿದ್ದು ಅದರ ಬಲ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ರಾಷ್ಟ್ರೀಯ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿಗೆ ನೀಡಿತು. ಇದಕ್ಕೇ ಮುಂದೆ ಭಾರತ್‌ನೆಟ್ ಎಂಬ ಹೆಸರಾಯಿತು. ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳನ್ನು ಎರಡು ವರ್ಷಗಳಲ್ಲಿ ತಲುಪುವ ಉದ್ದೇಶವಿತ್ತು. ಆದರೆ ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿದದ್ದು 2017ರ ಡಿಸೆಂಬರಿನಲ್ಲಿ. ರಸ್ತೆ ಬದಿ ಅಗೆಯುವ ಅನುಮತಿಯ ವಿಳಂಬ ಇದಕ್ಕೆ ಒಂದು ಮುಖ್ಯ ಕಾರಣ. ಒಂದೇ ಎಳೆಯಾಗಿ ಸಾಗಿದ ಮಾರ್ಗದಲ್ಲಿ ಒಂದು ಕಡೆ ಫೈಬರ್ ತುಂಡಾದರೆ ಅದರ ಮುಂದಿನ ಊರುಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತವೆ. 2023ರಲ್ಲಿ ಮಂಜೂರಾದ ಪರಿಷ್ಕೃತ ಯೋಜನೆಯು ಉಂಗುರದಾಕಾರದ ಜೋಡಣೆಯನ್ನು ಆರಿಸಿಕೊಂಡಿದೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ.

ಅಳತೆ ಮೊದಲು, ಖರೀದಿ ನಂತರ

ಸಿರವಾರದಲ್ಲಿ ಗಿರಣಿ, ಊರೊಳಗೆ ಕಚೇರಿ, ರಾಯಚೂರಿನ ಮಾರುಕಟ್ಟೆಯಲ್ಲಿ ಅಂಗಡಿ ಇರುವ ಸಂಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ತೂಕದ ಸೇತುವೆ, ಗೋದಾಮು, ಲೆಕ್ಕಪತ್ರ ವಿಭಾಗ ಇವುಗಳ ನಕ್ಷೆ ಬರೆದು ಅಂತರವನ್ನು ಅಳೆಯಬೇಕು. ಸಾಮಾನ್ಯ ತಾಮ್ರದ ಜಾಲತಂತಿಯ ಮಿತಿ 100 ಮೀಟರ್. ಅದಕ್ಕೂ ದೂರವಿದ್ದರೆ ಫೈಬರ್ ಬೇಕು. ಫೈಬರ್ ವಿದ್ಯುತ್ತನ್ನು ಒಯ್ಯದ ಕಾರಣ, ಸಿಡಿಲಿನ ಆಘಾತ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಅದರ ಮೂಲಕ ಹರಿಯುವುದಿಲ್ಲ. ಹತ್ತಿಯ ಧೂಳಿರುವ ಕಡೆ ಸಾಧನಗಳಿಗೆ ಮುಚ್ಚಿದ ಪೆಟ್ಟಿಗೆ, ಎಲ್ಲೆಡೆ ಸರಿಯಾದ ಅರ್ಥಿಂಗ್ ಮತ್ತು ಯುಪಿಎಸ್ ಅಗತ್ಯ. ಇವೆಲ್ಲ ಅಂದಾಜು ಪಟ್ಟಿಗೆ ಸೇರಿದ ಮೇಲೆಯೇ ದರಪಟ್ಟಿ ಕರೆಯುವುದು ಲೇಸು.

ಎರಡು ಕಂಪನಿ ಎಂದರೆ ಎರಡು ದಾರಿಯಲ್ಲ

ಸುರಕ್ಷತೆಗೆಂದು ಎರಡು ಕಂಪನಿಗಳ ಸಂಪರ್ಕ ಪಡೆಯುವವರುಂಟು. ಆದರೆ ಎರಡರ ಫೈಬರೂ ಒಂದೇ ರಸ್ತೆಯ ಒಂದೇ ಬದಿಯಲ್ಲಿ ಹಾದಿದ್ದರೆ, ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಮಾರ್ಗವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಬೇರೆ ಮಾರ್ಗ ದೊರೆಯದಿದ್ದಲ್ಲಿ ಎರಡನೆಯದು ನಿಸ್ತಂತು ಸಂಪರ್ಕವಾಗಿರಲಿ.

ಕಾಲನಿರ್ಣಯ

ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಸೀಮೆಯಲ್ಲಿ ಕಾಲಪಟ್ಟಿಯನ್ನು ಸುಗ್ಗಿಯೇ ನಿರ್ಧರಿಸಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕೇಬಲ್ಲನ್ನು ಕೊಳವೆಯೊಳಗೆ ಹಾಯಿಸಬೇಕು. ಅಗೆತ ಮಳೆಗಾಲಕ್ಕೆ ಮುನ್ನವೇ ಮುಗಿಯಬೇಕು. ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಸಾಧನಗಳ ಜೋಡಣೆ, ಸೆಪ್ಟೆಂಬರಿನಲ್ಲಿ ಪರೀಕ್ಷೆ ನಡೆಯಲಿ. ಹತ್ತಿಯ ಆವಕ ಆರಂಭವಾದ ಮೇಲೆ ಯಾವ ಬದಲಾವಣೆಯೂ ಕೂಡದು.

ಹಸ್ತಾಂತರ ಮತ್ತು ಹೊಣೆ

ಮೊದಲು ಕಚೇರಿ, ಬಳಿಕ ಗಿರಣಿ, ಕೊನೆಗೆ ರಾಯಚೂರಿನ ಅಂಗಡಿ ಎಂಬ ಕ್ರಮದಲ್ಲಿ ಸಾಗಬೇಕು. ಪ್ರತಿ ಹಂತದಲ್ಲೂ ಒಂದೆರಡು ವಾರ ಹಳೆಯ ಹಾಗೂ ಹೊಸ ವ್ಯವಸ್ಥೆಗಳು ಜೊತೆಯಾಗಿ ನಡೆಯಲಿ. ಲೆಕ್ಕ ತಾಳೆಯಾದ ದಿನ ಹಳೆಯದನ್ನು ನಿಲ್ಲಿಸಬೇಕು. ಗುತ್ತಿಗೆದಾರರಿಗೆ ಅಂತಿಮ ಕಂತು ಪಾವತಿಸುವ ಮುನ್ನ ಮುಖ್ಯ ಸಂಪರ್ಕವನ್ನು ಬೇಕೆಂದೇ ಕಳಚಿ, ಬದಲಿ ಸಂಪರ್ಕದಿಂದ ಒಂದು ಇ-ವೇ ಬಿಲ್ ತೆಗೆದು ನೋಡಬೇಕು. ತಂತಿಗಳ ನಕ್ಷೆ ಮತ್ತು ಗುಪ್ತಪದಗಳು ಗುತ್ತಿಗೆದಾರರ ಬಳಿಯಷ್ಟೇ ಉಳಿಯದೆ ಮಾಲೀಕರ ಕೈ ಸೇರಬೇಕು. ದುರಸ್ತಿಗೆ ಯಾರನ್ನು, ಎಷ್ಟು ಹೊತ್ತಿನೊಳಗೆ ಕರೆಯಬೇಕೆಂಬುದು ಕರಾರಿನಲ್ಲಿರಬೇಕು. ಸಂಸ್ಥೆಯ ಒಬ್ಬ ನೌಕರನಿಗಾದರೂ ತರಬೇತಿ ಕೊಡಿಸುವುದು ಅವಶ್ಯ.

ಈ ಸಿದ್ಧತೆಗೆ ತಗಲುವ ವೆಚ್ಚ ಅಲ್ಪವಲ್ಲ. ಆದರೆ ಸುಗ್ಗಿಯ ನಡುವೆ ಒಂದು ದಿನದ ಟೆಂಡರ್ ತಪ್ಪಿದರೆ ಆಗುವ ನಷ್ಟವನ್ನು ಅದರ ಪಕ್ಕದಲ್ಲಿಟ್ಟು ಸದಸ್ಯ ಬಾಂಧವರು ತಾವೇ ತೂಗಿ ನೋಡಬಹುದು.