ಹಬ್ಬದ ರಾತ್ರಿ ಶಾಂಘೈ ಏಕೆ ಖಾಲಿ?

ಪ್ರಶ್ನೆ: ನನ್ನ ಮಗ ಕೆಲಸದ ಮೇಲೆ ಶಾಂಘೈಯಲ್ಲಿದ್ದಾನೆ. ಚೀನೀ ಹೊಸ ವರ್ಷಕ್ಕೆ ಊರೆಲ್ಲ ಗಿಜಿಗುಡುತ್ತದೆ ಎಂದುಕೊಂಡಿದ್ದನಂತೆ. ನೋಡಿದರೆ ಬೀದಿಗಳೆಲ್ಲ ಬಿಕೋ ಅನ್ನುತ್ತಿದ್ದವು, ದಿನಾ ಊಟ ಮಾಡುವ ಹೋಟೆಲಿಗೂ ಬೀಗ. ಅಷ್ಟು ದೊಡ್ಡ ಹಬ್ಬವನ್ನು ಅವರು ಎಲ್ಲಿ, ಹೇಗೆ ಮಾಡುತ್ತಾರೆ? ಯಾರಾದರೂ ಮನೆಗೆ ಕರೆದರೆ ಏನು ಒಯ್ಯಬೇಕು?

ಉತ್ತರ: ಆ ಹೋಟೆಲಿನಲ್ಲಿ ಅಡುಗೆ ಮಾಡುವವರು, ಬಡಿಸುವವರು ಬಹುತೇಕ ಅನ್‌ಹುಯ್, ಹೆನಾನ್, ಸಿಚುವಾನ್ ಕಡೆಯ ಹಳ್ಳಿಗಳವರಾಗಿರುತ್ತಾರೆ. ಹಬ್ಬಕ್ಕೆ ಊರು ಸೇರಿಕೊಂಡಿರುತ್ತಾರೆ. ಟಿವಿಯಲ್ಲಿ ನಾವು ನೋಡುವ ಡ್ರ್ಯಾಗನ್ ಕುಣಿತ, ಸಿಂಹದ ಕುಣಿತಗಳು ಹಬ್ಬದ ಹೊರಮೈ. ಒಳಗಿರುವುದು ಒಂದು ಊಟ. ವರ್ಷದ ಕೊನೆಯ ರಾತ್ರಿ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕೂತು ಉಣ್ಣುವ ಊಟ. ಅದೊಂದು ತಪ್ಪಿದರೆ ಉಳಿದದ್ದೆಲ್ಲ ನಡೆದರೂ ಹಬ್ಬ ಆದಂತೆ ಅವರಿಗೆ ಅನ್ನಿಸುವುದಿಲ್ಲ.

ಅವರ ಪಂಚಾಂಗವೂ ನಮ್ಮದರಂತೆ ಚಂದ್ರನನ್ನೂ ಸೂರ್ಯನನ್ನೂ ಹಿಡಿದು ನಡೆಯುವಂಥದು. ಅಲ್ಲಿಯೂ ಅಧಿಕ ಮಾಸ ಉಂಟು. ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬರುವ ಅಮಾವಾಸ್ಯೆಯಂದು ಹೊಸ ವರ್ಷ ಹುಟ್ಟುತ್ತದೆ, ನಮ್ಮ ಯುಗಾದಿಗಿಂತ ಒಂದೋ ಎರಡೋ ತಿಂಗಳು ಮೊದಲು. 2026ರಲ್ಲಿ ಅದು ಫೆಬ್ರವರಿ 17ರಂದು ಬಂತು.

ಹಬ್ಬದ ಹಿಂದುಮುಂದಿನ 40 ದಿನಗಳ ಓಡಾಟವನ್ನು ಅಲ್ಲಿನ ಸರ್ಕಾರ ಪ್ರತ್ಯೇಕವಾಗಿ ಲೆಕ್ಕ ಇಡುತ್ತದೆ. ಸ್ವಂತ ಕಾರಿನ ಪ್ರಯಾಣವನ್ನೂ ಸೇರಿಸಿ 2025ರಲ್ಲಿ ಸುಮಾರು 900 ಕೋಟಿ ಪ್ರಯಾಣಗಳಾದವು. ರೈಲಿನಲ್ಲೇ 50 ಕೋಟಿಗೂ ಹೆಚ್ಚು. ಈ ಧಾವಂತಕ್ಕೆ ಸಂಪ್ರದಾಯದ ಸೆಳೆತವೊಂದೇ ಕಾರಣವಲ್ಲ. ಚೀನಾದಲ್ಲಿ ಪ್ರತಿಯೊಬ್ಬರ ಹೆಸರೂ ಊರಿನ ಕುಟುಂಬ ನೋಂದಣಿಗೆ ಗಂಟುಬಿದ್ದಿರುತ್ತದೆ. ಹುಕೌ ಎನ್ನುವ ಈ ವ್ಯವಸ್ಥೆಯಿಂದಾಗಿ ದೊಡ್ಡ ನಗರಗಳ ಸರ್ಕಾರಿ ಶಾಲೆಗಳಲ್ಲಿ ಹೊರಗಿನಿಂದ ಬಂದ ಕಾರ್ಮಿಕರ ಮಕ್ಕಳಿಗೆ ಜಾಗ ಸಿಗುವುದು ಕಷ್ಟ. ಹಾಗಾಗಿ ಅಪ್ಪ ಅಮ್ಮ ಶೆನ್‌ಜೆನ್‌ನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ಮಗು ಹುನಾನಿನ ಹಳ್ಳಿಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆಯುತ್ತದೆ. ಇಂಥ ಎಷ್ಟೋ ಮನೆಗಳಲ್ಲಿ ತಾಯಿ ತನ್ನ ಮಗುವನ್ನು ಕಣ್ಣಾರೆ ನೋಡುವುದು ವರ್ಷಕ್ಕೆ ಇದೊಂದು ಸಲ. ಹನ್ನೊಂದು ತಿಂಗಳ ಮೇಲೆ ಬಂದ ಅಮ್ಮನ ಹತ್ತಿರ ಹೋಗಲು ಸಣ್ಣ ಮಗು ಮೊದಲ ದಿನ ಹಿಂಜರಿಯುತ್ತದೆ. ಒಗ್ಗಿಕೊಳ್ಳುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಆ ರಾತ್ರಿಯ ಊಟಕ್ಕೆ ಇಷ್ಟು ತೂಕ ಬಂದಿರುವುದು ಇದರಿಂದಲೂ ಹೌದು.

ಮನೆಯಲ್ಲಿ ತಯಾರಿ ವಾರದ ಮೊದಲೇ ಶುರು. ಹನ್ನೆರಡನೆಯ ತಿಂಗಳ 23ರಂದು, ದಕ್ಷಿಣದಲ್ಲಿ 24ರಂದು, ಒಲೆಯ ದೇವರನ್ನು ಬೀಳ್ಕೊಡುತ್ತಾರೆ. ವರ್ಷವಿಡೀ ಅಡುಗೆಮನೆಯ ಗೋಡೆಯ ಮೇಲಿದ್ದು ಎಲ್ಲರ ನಡವಳಿಕೆ ನೋಡಿದ ಈ ದೇವರು ಅಂದು ಸ್ವರ್ಗಕ್ಕೆ ಹೋಗಿ ವರದಿ ಒಪ್ಪಿಸುತ್ತಾನೆಂಬ ನಂಬಿಕೆ. ಸಿಹಿಮಾತನ್ನೇ ಆಡಲೆಂದು ಅವನ ಚಿತ್ರದ ಬಾಯಿಗೆ ಅಂಟುವ ಮಿಠಾಯಿ ಸವರಿ, ಆಮೇಲೆ ಚಿತ್ರವನ್ನು ಸುಟ್ಟು ಕಳಿಸುತ್ತಾರೆ. ಇದು ಈಗ ಹಳ್ಳಿಗಳಲ್ಲೇ ಹೆಚ್ಚು. ಆದರೆ ಮನೆ ತೊಳೆದು ಬಳಿದು, ಬಾಗಿಲ ಎರಡೂ ಪಕ್ಕ ಕೆಂಪು ಕಾಗದದಲ್ಲಿ ಬರೆದ ಜೋಡಿ ಸಾಲುಗಳನ್ನು ಅಂಟಿಸುವುದನ್ನು ಹತ್ತನೇ ಮಹಡಿಯ ಫ್ಲ್ಯಾಟಿನವರೂ ಬಿಡುವುದಿಲ್ಲ.

ಕೊನೆಯ ದಿನ, ಫುಜಿಯಾನ್, ಗುವಾಂಗ್‌ಡಾಂಗ್‌ನಂಥ ಕಡೆ, ಮನೆಯವರು ಕೂರುವ ಮೊದಲು ಪಿತೃಗಳಿಗೆ ಎಡೆ: ಕೋಳಿ, ಮೀನು, ಅನ್ನ, ಸಣ್ಣ ಬಟ್ಟಲುಗಳಲ್ಲಿ ಮದ್ಯ, ಊದುಬತ್ತಿ. ತೀರಿಕೊಂಡವರೂ ಮನೆಯವರೇ, ಅವರನ್ನು ಬಿಟ್ಟು ಉಣ್ಣುವಂತಿಲ್ಲ. ಆಮೇಲೆ ಬದುಕಿರುವವರ ಊಟ. ಮೀನನ್ನು ಇಡಿಯಾಗಿ ಬೇಯಿಸಿ, ಮುಂದಿನ ವರ್ಷಕ್ಕೂ ಸಮೃದ್ಧಿ ಉಳಿಯಲೆಂದು ಪೂರ್ತಿ ತಿನ್ನದೆ ಬಿಡುತ್ತಾರೆ. ಉತ್ತರದ ಗೋಧಿ ಸೀಮೆಯಲ್ಲಿ ಜಿಯಾವೊಜಿ ಇಲ್ಲದೆ ಹಬ್ಬವಿಲ್ಲ. ನಮ್ಮ ಕರಿಗಡುಬನ್ನು ಚಿಕ್ಕದು ಮಾಡಿ ನೀರಿನಲ್ಲಿ ಬೇಯಿಸಿದ ಹಾಗಿರುತ್ತದೆ, ಒಳಗೆ ಹಂದಿಮಾಂಸ, ಎಲೆಕೋಸು. ಇದು ಒಬ್ಬರು ಮಾಡುವ ಕೆಲಸವಲ್ಲ. ಒಬ್ಬರು ಹಿಟ್ಟು ನಾದಿ, ಒಬ್ಬರು ಲಟ್ಟಿಸಿ, ನಾಲ್ಕು ಜನ ಮಡಚುತ್ತ ಕೂರುತ್ತಾರೆ, ವರ್ಷದ ಮಾತೆಲ್ಲ ಆಗ ಹೊರಬರುತ್ತದೆ. ಒಂದರೊಳಗೆ ನಾಣ್ಯ ಬಚ್ಚಿಡುವುದುಂಟು. ಸಿಕ್ಕವರಿಗೆ ವರ್ಷವಿಡೀ ಅದೃಷ್ಟ. ದಕ್ಷಿಣದ ಭತ್ತದ ಸೀಮೆಯವರಿಗೆ ಇದರ ಬದಲು ಅಂಟಕ್ಕಿಯ ಹಿಟ್ಟಿನ ನಿಯನ್‌ಗಾವ್ ಬೇಕು. ಊಟದ ಹೊತ್ತಿಗೆ ಟಿವಿಯಲ್ಲಿ, 1983ರಿಂದ ತಪ್ಪದೆ ಬರುತ್ತಿರುವ ಸರ್ಕಾರಿ ವಾಹಿನಿಯ ಹಾಡು, ಕುಣಿತ, ಹಾಸ್ಯದ ಕಾರ್ಯಕ್ರಮ ನಡುರಾತ್ರಿ ದಾಟುವವರೆಗೂ ಓಡುತ್ತಿರುತ್ತದೆ.

ಎಲ್ಲರೂ ಸೇರುವ ಹಬ್ಬವೆಂದರೆ ಸೇರಿಸಿಕೊಳ್ಳದವರ ಕಥೆಯೂ ಇರುತ್ತದೆ. ಚೀನೀ ಲೇಖಕ ಲೂ ಶುನ್ 1924ರಲ್ಲಿ ಪ್ರಕಟಿಸಿದ ‘ಹೊಸ ವರ್ಷದ ಬಲಿ’ ಕಥೆಯಲ್ಲಿ ಎರಡು ಸಲ ವಿಧವೆಯಾದ ಮನೆಗೆಲಸದ ಹೆಂಗಸಿಗೆ ಹಬ್ಬದ ಎಡೆಯ ಸಾಮಾನು ಮುಟ್ಟಲು ಬಿಡುವುದಿಲ್ಲ. ಅವಳು ಕುಸಿಯುವುದು ಅಲ್ಲಿಂದ. ನಮ್ಮ ಮನೆಗಳ ಶುಭಕಾರ್ಯಗಳಲ್ಲಿ ಬಾಗಿಲ ಮರೆಗೆ ಸರಿದು ನಿಂತ ಅಜ್ಜಿಯಂದಿರನ್ನು ಕಂಡವರಿಗೆ ಆ ಕಥೆಯನ್ನು ವಿವರಿಸಿ ಹೇಳಬೇಕಿಲ್ಲ.

ಇಂದಿನ ಜಗಳ ಬೇರೆ: ಯಾರ ಮನೆಯ ಮೇಜು? ಹಳೆಯ ಪದ್ಧತಿಯಲ್ಲಿ ಮದುವೆಯಾದವಳು ಕೊನೆಯ ರಾತ್ರಿ ಗಂಡನ ಮನೆಯಲ್ಲೇ ಇರಬೇಕು. ತವರಿಗೆ ಹೋಗುವುದು ಎರಡನೆಯ ದಿನ. ಮನೆತುಂಬ ಮಕ್ಕಳಿದ್ದ ಕಾಲಕ್ಕೆ ಅದು ನಡೆಯಿತು. 1980ರ ಹೊತ್ತಿಗೆ ಬಂದು 2015ರವರೆಗೆ ಇದ್ದ ಒಂದೇ ಮಗುವಿನ ನೀತಿಯ ನಂತರ ಗಂಡನೂ ಒಬ್ಬನೇ ಮಗ, ಹೆಂಡತಿಯೂ ಒಬ್ಬಳೇ ಮಗಳು. ಅವಳು ಅತ್ತೆಮನೆಗೆ ಹೋದರೆ ಅವಳ ಅಪ್ಪ ಅಮ್ಮ ಇಬ್ಬರೇ ಕೂತು ಉಣ್ಣಬೇಕು. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ಕೆಲವರು ಒಪ್ಪಂದ ಮಾಡಿಕೊಂಡಿದ್ದಾರೆ. ಕೆಲವರು ಎರಡೂ ಕಡೆಯ ಹಿರಿಯರನ್ನು ತಾವಿರುವ ನಗರಕ್ಕೇ ಕರೆಸಿಕೊಳ್ಳುತ್ತಾರೆ. ಪದ್ಧತಿ ಸಡಿಲವಾದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ಹಬ್ಬವೇನೂ ಇದರಿಂದ ಸೊರಗುವುದಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1967ರಲ್ಲಿ, ಸರ್ಕಾರ ರಜೆಯನ್ನೇ ಕಿತ್ತುಹಾಕಿ ಜನರನ್ನು ಕೆಲಸಕ್ಕೆ ಹಚ್ಚಿತ್ತು. 70ರ ದಶಕದ ಕೊನೆಯವರೆಗೂ ಹಾಗೇ ಇತ್ತು. ಅದನ್ನೂ ದಾಟಿ ಬಂದ ಹಬ್ಬ ಇದು. 2024ರ ಡಿಸೆಂಬರಿನಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯನ್ನೂ ಸೇರಿತು.

ಇನ್ನು ನಿಮ್ಮ ಮಗನ ವಿಷಯ. ಕೊನೆಯ ರಾತ್ರಿಯ ಊಟಕ್ಕೇ ಅವನನ್ನು ಕರೆದರೆ ಅದು ದೊಡ್ಡ ಮಾತು, ತಪ್ಪಿಸಬೇಡ ಎನ್ನಿ. ಸಾಮಾನ್ಯವಾಗಿ ಹೊರಗಿನವರು ಹೋಗುವುದು ನಂತರದ ದಿನಗಳಲ್ಲಿ. ಹಣ್ಣು, ಚಹಾ, ಸಿಹಿಯ ಡಬ್ಬಿಗಳನ್ನು ಜೋಡಿಯಾಗಿ ಒಯ್ದು ಎರಡೂ ಕೈಯಿಂದ ಕೊಡಲಿ. ಗಡಿಯಾರ, ಬಿಳಿ ಹೂವು ಬೇಡ. ಎರಡೂ ಸಾವನ್ನು ನೆನಪಿಸುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಕೆಂಪು ಲಕೋಟೆಯಲ್ಲಿ ಹೊಸ ನೋಟಿಟ್ಟು ಕೊಡುವುದು ವಾಡಿಕೆ. ಮಾಂಸ ತಿನ್ನುವುದಿಲ್ಲವಾದರೆ ಮೊದಲೇ ತಿಳಿಸುವುದು ಒಳ್ಳೆಯದು, ಏಕೆಂದರೆ ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಹಾಕುವುದುಂಟು. ಬೇಸರಪಟ್ಟುಕೊಳ್ಳುತ್ತಾರೆಂಬ ಅಳುಕು ಬೇಕಿಲ್ಲ: ವರ್ಷದ ಮೊದಲ ದಿನ ಮಾಂಸ ಬಿಡುವ ಪದ್ಧತಿ ಅಲ್ಲಿನ ಬೌದ್ಧ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅಣಬೆ, ತೋಫು, ಶಾವಿಗೆ ಹಾಕಿ ಆ ದಿನಕ್ಕೆಂದೇ ಮಾಡುವ ಅಡುಗೆಯೂ ಇದೆ.